ಬೆವರದ ಮಚ್ಚೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಹತ್ತು ನಿಮಿಷ ನಿಂತರೆ ಸಾಕು, ಮೈ ಬೆಂದ ಹಾಗಾಗುತ್ತದೆ. ಕೆಳಗೆ ಹೊಟ್ಟಿನ ಬೆಂಕಿ, ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಅಕ್ಕಿ ಬಿದ್ದ ಕೂಡಲೇ ಚಟಪಟ ಅಂತ ಅರಳುತ್ತದೆ. ಮರುಕ್ಷಣವೇ ಜರಡಿಗೆ ಬಾಚಬೇಕು, ತಡವಾದರೆ ಸೀದು ಹೋಗುತ್ತದೆ. ಕೆಲಸ ಮಾಡುವ ಗಂಡಸರು ಬನಿಯನ್ನೂ ಹಾಕಿರುವುದಿಲ್ಲ. ಬೆವರಿಗೆ ಬೂದಿ, ಹೊಟ್ಟಿನ ಧೂಳು ಅಂಟಿ ಮೈಯೆಲ್ಲ ಕೆಸರು ಮೆತ್ತಿದ ಹಾಗೆ ಇರುತ್ತದೆ.

ಅಂಥ ಒಂದು ಬೆನ್ನಿನ ಮೇಲೆ, ಎಡ ಹೆಗಲಿನ ಕೆಳಗೆ, ಅಂಗೈಯಗಲ ಜಾಗ ಒಣಗಿತ್ತು. ಸುತ್ತಲೂ ಬೆವರು ಹರಿಯುತ್ತಿದೆ, ಅಲ್ಲಿ ಒಂದು ಹನಿ ಇಲ್ಲ. ಧೂಳು ಕೂಡ ನಿಂತಿರಲಿಲ್ಲ. ಆ ಜಾಗವನ್ನು ನಾನು ಒಂದು ವರ್ಷ ಮೊದಲೇ ನೋಡಬೇಕಿತ್ತು.

ನಾನು ಈ ಓಣಿಗಳ ಆಶಾ ಕಾರ್ಯಕರ್ತೆ. ಬಾಣಂತಿ, ಬಸುರಿ, ಮಕ್ಕಳ ಲಸಿಕೆ, ಲಾರ್ವಾ ಸಮೀಕ್ಷೆ, ಟಿಬಿ ಮಾತ್ರೆ, ಇವುಗಳ ನಡುವೆ ಕುಷ್ಠರೋಗವೂ ನಮ್ಮ ಪಾಲಿನ ಕೆಲಸ. ತರಬೇತಿಯಲ್ಲಿ ಹೇಳಿಕೊಟ್ಟದ್ದು ಚೆನ್ನಾಗಿ ನೆನಪಿತ್ತು. ತಿಳಿ ಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆ, ತುರಿಕೆ ಇಲ್ಲ, ನೋವಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಅಷ್ಟು ತಿಳಿದುಕೊಂಡು ಮೊದಲ ಮನೆಮನೆ ಸಮೀಕ್ಷೆಗೆ ಹೊರಟೆ. ಹದಿನೈದು ದಿನದೊಳಗೆ ಎರಡು ವರ್ಷ ದಾಟಿದ ಪ್ರತಿಯೊಬ್ಬರನ್ನೂ ನೋಡಿ ಮುಗಿಸಬೇಕಿತ್ತು.

ಆಗ ನಾನು ಮಾಡಿದ ತಪ್ಪು ಇದು. ಬೆಳಗ್ಗೆ ಹನ್ನೊಂದಕ್ಕೆ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು, "ಮನೇಲಿ ಯಾರಿಗಾದ್ರೂ ಮಚ್ಚೆ ಇದೆಯಾ ಅಕ್ಕಾ?" ಅಂತ ಕೇಳುತ್ತಿದ್ದೆ. "ಇಲ್ಲವ್ವಾ, ಯಾರಿಗೂ ಇಲ್ಲ" ಅನ್ನುತ್ತಿದ್ದರು. ಫಾರಂ ತುಂಬಿಸಿ, ಪೋಲಿಯೋಗೆ ಹಾಕುವ ಹಾಗೆ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ ಮುಂದಿನ ಮನೆ. ಗಂಡಸರು ಆ ಹೊತ್ತಿಗೆ ಭಟ್ಟಿಯಲ್ಲಿರುತ್ತಾರೆ. ಅವರ ಬೆನ್ನನ್ನು ಅವರೇ ನೋಡಿಕೊಂಡಿರುವುದಿಲ್ಲ, ಹೆಂಡತಿಯೂ ದಿನದ ಬೆಳಕಲ್ಲಿ ನೋಡಿರುವುದಿಲ್ಲ. ಜೊತೆಗೊಬ್ಬ ಗಂಡು ಕಾರ್ಯಕರ್ತರನ್ನು ಕೊಟ್ಟಿದ್ದೇ ಗಂಡಸರ ಮೈ ನೋಡಲಿ ಅಂತ. ನಾವಿಬ್ಬರೂ ಜಾಸ್ತಿ ಮನೆ ಮುಗಿಸುವ ಆತುರದಲ್ಲಿದ್ದೆವು. ಬೆನ್ನಲ್ಲಿ ಆ ಒಣ ಜಾಗ ಇದ್ದ ಅಣ್ಣನ ಮನೆಯ ಗೋಡೆ ಮೇಲೂ ನನ್ನ ಕೈಯಿಂದಲೇ 'ಎಲ್ಲರನ್ನೂ ನೋಡಿದೆ' ಅನ್ನುವ ಗುರುತು ಬಿದ್ದಿತ್ತು.

ಅವರ ಹೆಸರು ಬರೆಯುವುದಿಲ್ಲ. ಅಣ್ಣ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ.

ಮುಂದಿನ ವರ್ಷ ಅತ್ತಿಗೆ ಒಂದು ಸಂಜೆ ನಮ್ಮ ಮನೆಗೆ ಬಂದರು. ಸುಟ್ಟ ಗಾಯಕ್ಕೆ ಮುಲಾಮು ಇದೆಯಾ ಅಂತ ಕೇಳಿದರು. ಅಣ್ಣನ ಬಲಗೈ ಕಿರುಬೆರಳಿನ ಪಕ್ಕ ದೊಡ್ಡ ಬೊಬ್ಬೆ ಎದ್ದಿದೆಯಂತೆ. ಭಟ್ಟಿಯಲ್ಲಿ ಕೈ ಸುಟ್ಟುಕೊಳ್ಳುವುದು ಹೊಸದಲ್ಲ, ನಾನೂ ಮುಲಾಮು ಹುಡುಕಲು ಎದ್ದೆ. ಅಷ್ಟರಲ್ಲಿ ಅತ್ತಿಗೆ ಅಂದರು, "ಅವ್ರಿಗೆ ಗೊತ್ತೇ ಆಗಿಲ್ಲ ನೋಡವ್ವಾ. ಊಟಕ್ಕೆ ಕೂತಾಗ ನಾನೇ ನೋಡಿ ಹೇಳ್ದೆ. ಉರಿನೂ ಇಲ್ವಂತೆ."

ಉರಿ ಇಲ್ಲ ಅಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದವಳೇ ನಮ್ಮ ಗಂಡು ಕಾರ್ಯಕರ್ತರನ್ನು ಕರೆದುಕೊಂಡು ಮನೆಗೆ ಹೋಗುವ ಬದಲು ನೇರ ಭಟ್ಟಿಗೆ ಹೋದೆ. ಆಗ ಕಂಡದ್ದೇ ಆ ಒಣ ಜಾಗ. ಈ ರೋಗದಲ್ಲಿ ನರ ಕೆಟ್ಟ ಕಡೆ ಸ್ಪರ್ಶದ ಜೊತೆ ಬೆವರೂ ನಿಲ್ಲುತ್ತದೆ.

ಭಟ್ಟಿಯ ಹಿಂದೆ ಮಂಡಕ್ಕಿ ಚೀಲ ಜೋಡಿಸುವ ಕೋಣೆ ಇತ್ತು. ಅಲ್ಲಿ ಕೂರಿಸಿ, ಬಾಗಿಲ ಬೆಳಕಿಗೆ ಬೆನ್ನು ತಿರುಗಿಸಿ ಪರೀಕ್ಷೆ ಮಾಡಿದೆವು. ಈ ಪರೀಕ್ಷೆಗೆ ಬೇಕಾದ್ದು ಒಂದು ಬಾಲ್ ಪೆನ್ನು ಅಷ್ಟೇ. ಆದರೆ ಮಾಡುವ ಕ್ರಮ ತಪ್ಪಿದರೆ ಏನೂ ತಿಳಿಯುವುದಿಲ್ಲ. "ಗೊತ್ತಾಗ್ತಾ ಇದೆಯಾ?" ಅಂತ ಯಾವತ್ತೂ ಕೇಳಬಾರದು. ಕೇಳಿದರೆ ಎಲ್ಲರೂ ಹೌದು ಅಂತಾರೆ. ನಮ್ಮನ್ನು ನಿರಾಸೆ ಮಾಡಬಾರದು ಅಂತಲೋ, ಭಯಕ್ಕೋ, ಅಂತೂ ಹೌದು ಅಂತಾರೆ. ಮೊದಲು ಕಣ್ಣು ಬಿಟ್ಟಿರುವಾಗಲೇ ಕೈ ಮೇಲೆ ಪೆನ್ನಿನ ತುದಿ ಮುಟ್ಟಿಸಿ ತೋರಿಸಬೇಕು. "ಮುಟ್ಟಿದ ಜಾಗ ಒಂದು ಬೆರಳಲ್ಲಿ ತೋರ್ಸಿ" ಅನ್ನಬೇಕು. ಅದು ಸರಿಯಾಗಿ ಬಂದ ಮೇಲೆ ಕಣ್ಣು ಮುಚ್ಚಿಸಬೇಕು. ಒಮ್ಮೆ ಒಳ್ಳೆ ಚರ್ಮಕ್ಕೆ, ಒಮ್ಮೆ ಮಚ್ಚೆಗೆ, ಲೆಕ್ಕ ತಪ್ಪಿಸಿ ತಪ್ಪಿಸಿ ಮುಟ್ಟಬೇಕು. ಮೆಲ್ಲಗೆ ಮುಟ್ಟಬೇಕು, ಗೀರಬಾರದು, ಒತ್ತಬಾರದು. ಒತ್ತಿದರೆ ಒಳಗಿನ ಮಾಂಸಕ್ಕೆ ತಿಳಿದುಬಿಡುತ್ತದೆ. ಬೆನ್ನಿಗೆ ಬೆರಳು ಎಟುಕದಿದ್ದರೆ, ಮುಟ್ಟಿದಾಗಲೆಲ್ಲ "ಹ್ಞೂಂ" ಅನ್ನಲು ಹೇಳುತ್ತೇನೆ. ಮುಖದ ಮಚ್ಚೆಯಲ್ಲಿ ಮಾತ್ರ ಹುಷಾರು. ಅಲ್ಲಿ ನರಗಳು ಜಾಸ್ತಿ, ಸ್ಪರ್ಶ ಉಳಿದಿದ್ದರೂ ರೋಗ ಇರಬಹುದು.

ಅಣ್ಣ ಹೆಗಲ ಮೇಲೆ ಮುಟ್ಟಿದಾಗ "ಹ್ಞೂಂ" ಅಂದರು. ಸೊಂಟದ ಮೇಲೆ ಮುಟ್ಟಿದಾಗ "ಹ್ಞೂಂ" ಅಂದರು. ಮಚ್ಚೆಯ ಮೇಲೆ ನಾಲ್ಕು ಸಲ ಮುಟ್ಟಿದರೂ ಸುಮ್ಮನಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಯಾಕೆ ನಿಲ್ಲಿಸಿಬಿಟ್ರಿ?"

ನಮ್ಮದು ಅನುಮಾನ ಪಡುವ ಕೆಲಸ, ಖಚಿತ ಮಾಡುವುದು ವೈದ್ಯರು. ಆದ್ದರಿಂದ ಆ ಹೊತ್ತಿನಲ್ಲಿ ರೋಗದ ಹೆಸರು ಎತ್ತಲಿಲ್ಲ. "ನರದ ತೊಂದರೆ ಇರಬಹುದು, ಡಾಕ್ಟರ್ ನೋಡ್ಲಿ" ಅಂದೆ. ನಗರ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಎಣಿಸಿದಾಗ ಮೈ ಮೇಲೆ ಏಳು ಮಚ್ಚೆ. ಬಲ ಮೊಣಕೈ ಹಿಂದಿನ ನರ ದಪ್ಪಗಾಗಿತ್ತು. ಮೊಣಕೈ ಎಲ್ಲಾದರೂ ತಾಗಿದರೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುತ್ತದಲ್ವಾ, ಅದೇ ನರ. ಡಾಕ್ಟರ್ ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಚರ್ಮದ ಕೆಳಗೆ ಹುರಿ ಹಗ್ಗ ಇಟ್ಟ ಹಾಗಿತ್ತು. ಕಿರುಬೆರಳು ಆಗಲೇ ಸ್ವಲ್ಪ ಮಡಚಿಕೊಂಡಿತ್ತು, ನೆಟ್ಟಗೆ ಚಾಚಲು ಆಗುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಅಂಗವಿಕಲತೆಯ ಕಾಲಂನಲ್ಲಿ 2 ಅಂತ ಬರೆದರು. 0 ಅಂದರೆ ಏನೂ ಇಲ್ಲ, 1 ಅಂದರೆ ಕೈಕಾಲಿಗೆ ಜೋಮು, 2 ಅಂದರೆ ಕಣ್ಣಿಗೆ ಕಾಣುವ ಊನ. ಒಂದು ವರ್ಷ ಮೊದಲು ನಾನು ಅಂಗಿ ಬಿಚ್ಚಿಸಿ ನೋಡಿದ್ದರೆ ಆ ಅಂಕಿ 0 ಇರುತ್ತಿತ್ತೋ ಏನೋ. ಈಗಲೂ ಆ ಓಣಿಯಲ್ಲಿ ನಡೆಯುವಾಗ ಇದು ಮನಸ್ಸಿಗೆ ಬರುತ್ತದೆ.

ಅಣ್ಣನೂ ಸುಮ್ಮನೆ ಕೂತವರಲ್ಲ. ಎರಡು ವರ್ಷದ ಹಿಂದೆಯೇ ತೋಳಿನ ಮಚ್ಚೆ ತೋರಿಸಿಕೊಂಡಿದ್ದರಂತೆ. ಒಂದು ಕಡೆ ಸಿಬ್ಬು ಅಂದರು, ಇನ್ನೊಂದು ಕಡೆ ಹುಳಕಡ್ಡಿ ಅಂದರು. ಟ್ಯೂಬ್ ಮೇಲೆ ಟ್ಯೂಬ್ ಹಚ್ಚಿದ್ದರು. ಎಲ್ಲೂ ಯಾರೂ ಪೆನ್ನಿನಿಂದ ಮುಟ್ಟಿ ನೋಡಿರಲಿಲ್ಲ. ಹುಳಕಡ್ಡಿ ತುರಿಸುತ್ತದೆ. ಸಿಬ್ಬಿನಲ್ಲಿ ಸ್ಪರ್ಶ ಹೋಗುವುದಿಲ್ಲ. ತೊನ್ನು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಅಲ್ಲೂ ಮುಟ್ಟಿದ್ದು ತಿಳಿಯುತ್ತದೆ. ಇಷ್ಟು ನೋಡಲು ಅರ್ಧ ನಿಮಿಷ ಸಾಕಿತ್ತು.

ಯಾಕೆ ಯಾರಿಗೂ ಹೊಳೆಯಲಿಲ್ಲ ಅಂತ ನನಗೆ ಅರ್ಥವಾಗುತ್ತದೆ. ಭಾರತದಲ್ಲಿ ಕುಷ್ಠರೋಗ ನಿರ್ಮೂಲನೆ ಆಯಿತು ಅಂತ 2005ರ ಕೊನೆಗೆ ಘೋಷಣೆ ಆಯಿತಲ್ಲ, ಅದನ್ನು ಜನ 'ರೋಗವೇ ಇಲ್ಲ' ಅಂತ ತಿಳಿದುಕೊಂಡರು. ಅದರ ಅರ್ಥ ಬೇರೆ ಇತ್ತು. ದೇಶದಲ್ಲಿ ಚಿಕಿತ್ಸೆಯಲ್ಲಿರುವವರು 10,000 ಜನರಿಗೆ ಒಬ್ಬರಿಗಿಂತ ಕಡಿಮೆ ಆದರು ಅಂತ ಅಷ್ಟೇ. ಇವತ್ತಿಗೂ ವರ್ಷಕ್ಕೆ ಲಕ್ಷದಷ್ಟು ಹೊಸ ರೋಗಿಗಳು ನಮ್ಮ ದೇಶದಲ್ಲೇ ಸಿಗುತ್ತಾರೆ, ಜಗತ್ತಿನ ಒಟ್ಟು ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು. 'ನಿರ್ಮೂಲನೆ' ಅನ್ನುವ ಆ ಪದ ನಮ್ಮ ಕೆಲಸಕ್ಕೆ ತುಂಬಾ ಕಷ್ಟ ಕೊಟ್ಟಿದೆ. ಮನೆಗೆ ಹೋದರೆ "ಅದು ಈಗೆಲ್ಲಿದೆ ಬಿಡಿ" ಅಂತಾರೆ.

ಅಣ್ಣನಿಗೆ ಎಂಡಿಟಿ ಶುರುವಾಯಿತು. ಮೂರು ಔಷಧಿ ಸೇರಿದ ಪ್ಯಾಕ್ ಅದು, ರಿಫಾಂಪಿಸಿನ್, ಕ್ಲೋಫಜಿಮಿನ್, ಡ್ಯಾಪ್ಸೋನ್. ಐದರವರೆಗೆ ಮಚ್ಚೆ ಇದ್ದರೆ ಸಾಮಾನ್ಯವಾಗಿ ಆರು ತಿಂಗಳು, ಆರು ಅಥವಾ ಜಾಸ್ತಿ ಇದ್ದರೆ ಹನ್ನೆರಡು ತಿಂಗಳು. ಪೂರ್ತಿ ಉಚಿತ. ತಿಂಗಳ ಮೊದಲ ದಿನ ಆರು ಮಾತ್ರೆಗಳನ್ನು ನಮ್ಮ ಕಣ್ಣೆದುರೇ ನುಂಗಬೇಕು, ಮಿಕ್ಕ ದಿನ ಎರಡೆರಡು. ಮೊದಲ ಡೋಸ್ ಹೊಟ್ಟೆಗೆ ಹೋದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ, ಇನ್ನೊಬ್ಬರಿಗೆ ಹರಡುವುದಿಲ್ಲ. ಇದನ್ನು ಅತ್ತಿಗೆಗೆ ಅವತ್ತೇ ಹೇಳಿದೆ, ಯಾಕಂದರೆ ಅವರು ಮನೆಗೆ ಹೋಗುವ ಮೊದಲೇ ತಟ್ಟೆ ಲೋಟ ಬೇರೆ ಮಾಡುವ ಲೆಕ್ಕ ಹಾಕುತ್ತಿದ್ದರು. ಜೊತೆಗೆ ಊಟ ಮಾಡಿದರೆ, ಮುಟ್ಟಿದರೆ ಬರುವ ಕಾಯಿಲೆ ಅಲ್ಲ ಇದು. ಚಿಕಿತ್ಸೆ ಇಲ್ಲದ ರೋಗಿಯ ಉಸಿರು, ಸೀನು, ಕೆಮ್ಮಿನ ಹನಿಗಳಿಂದ, ಬಹಳ ಕಾಲ ಹತ್ತಿರ ಇದ್ದಾಗ ಬರುತ್ತದೆ. ಬಂದರೂ ನೂರಕ್ಕೆ ತೊಂಬತ್ತೈದು ಜನರ ದೇಹ ಅದನ್ನು ತಾನೇ ಸದೆಬಡಿಯುತ್ತದೆ.

ಪ್ಯಾಕ್ ಇರುವುದು 28 ದಿನಕ್ಕೆ. ಅಂದರೆ ಯಾವ ವಾರ ಶುರು ಮಾಡಿದರೋ ನಾಲ್ಕು ವಾರದ ನಂತರ ಅದೇ ವಾರ ಮುಂದಿನ ಡೋಸ್. ತಾರೀಖು ಯಾರಿಗೂ ನೆನಪಿರುವುದಿಲ್ಲ, ವಾರ ನೆನಪಿರುತ್ತದೆ. ನಾನು ಬುಧವಾರ ಹಿಡಿದೆ. ಗುರುವಾರ ಲಸಿಕೆ ದಿನ, ಓಣಿಯ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರದಲ್ಲೇ ಇರುತ್ತಾರೆ. ಅವತ್ತು ಅಣ್ಣ ಬಂದರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಬುಧವಾರ ಮಧ್ಯಾಹ್ನ ಖಾಲಿ ಇರುತ್ತದೆ.

ಮೊದಲೇ ಹೇಳಬೇಕಾದ ಎರಡು ಮಾತು ಇವೆ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗೆ ಬರುತ್ತದೆ, ರಕ್ತ ಅಲ್ಲ. ಕ್ಲೋಫಜಿಮಿನ್‌ನಿಂದ ಮೈಬಣ್ಣ ಕಪ್ಪಗಾಗುತ್ತದೆ, ಮಚ್ಚೆ ಇರುವಲ್ಲಿ ಇನ್ನೂ ಗಾಢ. ಮಾತ್ರೆ ನಿಲ್ಲಿಸಿದ ಮೇಲೆ ತಿಂಗಳುಗಟ್ಟಲೆ ತೆಗೆದುಕೊಂಡು ಮೆಲ್ಲಗೆ ತಿಳಿಯಾಗುತ್ತದೆ. ಮೂತ್ರದ ಮಾತು ಹೇಳಿದ್ದೆ. ಬಣ್ಣದ ಮಾತು ಹೇಳಿದ್ದೆ, ಆದರೆ ಒತ್ತಿ ಹೇಳಿರಲಿಲ್ಲ. ನಾಲ್ಕನೇ ತಿಂಗಳಿಗೆ ಭಟ್ಟಿಯಲ್ಲಿ ಜೊತೆಯವರು, "ಏನ್ಲಾ ಇಷ್ಟು ಕಪ್ಪಾಗಿಬಿಟ್ಟೆ, ಲಿವರ್ ನೋಡಿಸ್ಕೊ" ಅನ್ನತೊಡಗಿದರು. ಅಣ್ಣ ದಿನದ ಮಾತ್ರೆ ಬಿಟ್ಟರು. ಬುಧವಾರ ಬಂದು ನನ್ನೆದುರು ಆರು ನುಂಗುತ್ತಿದ್ದರು, ಮಿಕ್ಕವು ಮನೆಯ ಮಾಡಿನಲ್ಲಿ. ಅದು ಗೊತ್ತಾದ ಮೇಲೆ ಮನೆಗೆ ಹೋದಾಗ "ಮಾತ್ರೆ ತಗೊಂಡ್ರಾ" ಅಂತ ಕೇಳುವುದು ಬಿಟ್ಟೆ. ಪ್ಯಾಕನ್ನೇ ಕೈಗೆ ತೆಗೆದುಕೊಂಡು ಖಾಲಿ ಗುಳ್ಳೆ ಎಣಿಸುತ್ತೇನೆ. ಬಿಟ್ಟಿದ್ದಕ್ಕೆ ಬೈಯುವುದಿಲ್ಲ. ಹನ್ನೆರಡು ಪ್ಯಾಕನ್ನು ಹದಿನೆಂಟು ತಿಂಗಳೊಳಗೆ ಮುಗಿಸಿದರೆ ಸಾಕು, ಹೋದ ದಿನಗಳನ್ನು ಮುಂದೆ ತುಂಬಿಕೊಳ್ಳಬಹುದು.

ಆರನೇ ತಿಂಗಳಲ್ಲಿ ನಿಜವಾದ ಗಂಡಾಂತರ ಬಂತು. ಮಚ್ಚೆಗಳು ಇದ್ದಕ್ಕಿದ್ದಂತೆ ಕೆಂಪಗೆ ಊದಿಕೊಂಡವು. ಮೊಣಕೈ ಮುಟ್ಟಲು ಬಿಡಲಿಲ್ಲ, ಅಷ್ಟು ನೋವು. ಉಂಗುರ ಬೆರಳಿಗೂ ಬಲ ಕಡಿಮೆ ಆಗಿತ್ತು. "ನಿನ್ನ ಮಾತ್ರೆಯಿಂದಲೇ ಹೀಗಾಯ್ತು" ಅಂತ ಅತ್ತಿಗೆ ಅತ್ತರು. ಅವರನ್ನು ತಪ್ಪು ಅನ್ನಲಾರೆ, ನೋಡಿದವರಿಗೆ ಹಾಗೇ ಕಾಣುತ್ತದೆ. ಇದಕ್ಕೆ ರಿಯಾಕ್ಷನ್ ಅಂತಾರೆ. ಸತ್ತ, ಸಾಯುತ್ತಿರುವ ಬ್ಯಾಕ್ಟೀರಿಯಾ ವಿರುದ್ಧ ದೇಹವೇ ಕೆರಳಿ ನಿಲ್ಲುವುದು. ಆ ಜಗಳದಲ್ಲಿ ನರ ಹಾಳಾಗುತ್ತದೆ. ರೋಗ ಗುಣವಾಗುತ್ತಿರುವಾಗಲೇ ಕೈ ಕಳೆದುಕೊಳ್ಳುವುದು ಅಂದರೆ ಇದೇ.

ಆ ಸಂಜೆಯೇ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ನಾಳೆ ನೋಡೋಣ ಅನ್ನುವ ಕಾಯಿಲೆ ಇದಲ್ಲ. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು, ದಿನಕ್ಕೆ 40 ಮಿಲಿಗ್ರಾಂನಿಂದ, ಆಮೇಲೆ ವಾರಗಳ ಲೆಕ್ಕದಲ್ಲಿ ಇಳಿಸುತ್ತಾ ಬಂದರು. ಎಂಡಿಟಿ ನಿಲ್ಲಿಸಲಿಲ್ಲ, ನಿಲ್ಲಿಸಬಾರದು. ನರದ ಬಲ ಹೋಗಿ ಆರು ತಿಂಗಳೊಳಗಿದ್ದರೆ ಈ ಔಷಧಿಯಿಂದ ಮರಳಿ ಬರುವ ಆಸೆ ಇರುತ್ತದೆ. ಉಂಗುರ ಬೆರಳು ಮರಳಿತು. ಕಿರುಬೆರಳು ಹಳೆಯದು, ಮರಳಲಿಲ್ಲ. ಅವತ್ತಿನಿಂದ ಪ್ರತಿ ಭೇಟಿಯಲ್ಲೂ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಅವರ ಬೆರಳುಗಳ ನಡುವೆ ಪಡಿತರ ಚೀಟಿಯೋ, ಮದುವೆ ಕಾಗದವೋ ಸಿಕ್ಕಿಸಿ ಎಳೆಯುತ್ತೇನೆ. ಬಿಗಿಯಾಗಿ ಹಿಡಿದರೆ ಸರಿ. ಕಳೆದ ಸಲಕ್ಕಿಂತ ಸಲೀಸಾಗಿ ಜಾರಿ ಬಂದರೆ ಅವತ್ತೇ ಡಾಕ್ಟರ್ ಹತ್ತಿರ.

ಮಾತ್ರೆಗಿಂತ ಜಾಸ್ತಿ ಹೊತ್ತು ಹೋಗಿದ್ದು ಕೈ ಕಾಪಾಡುವುದಕ್ಕೆ. ಕಿರುಬೆರಳ ಕಡೆಯ ಅರ್ಧ ಅಂಗೈಗೆ ಬಿಸಿ ತಿಳಿಯುವುದಿಲ್ಲ, ಕೆಲಸ ನೋಡಿದರೆ ಕಾದ ಮರಳಿನದು. ಕೆಲಸ ಬಿಡಿ ಅನ್ನಲು ನನಗೆ ಬಾಯಿ ಬರಲಿಲ್ಲ, ಬಿಟ್ಟರೆ ಊಟ ಯಾರು ಹಾಕುತ್ತಾರೆ? ಅಣ್ಣನ ಒಪ್ಪಿಗೆ ತೆಗೆದುಕೊಂಡು ಮಾಲೀಕರ ಹತ್ತಿರ ಮಾತಾಡಿದೆ. 'ಕೈಯ ನರದ ತೊಂದರೆ, ಬಿಸಿ ಗೊತ್ತಾಗಲ್ಲ' ಅಂತ ಮಾತ್ರ ಹೇಳಿದೆ. ಬಾಣಲೆಯಿಂದ ತೆಗೆದು ಚೀಲ ತುಂಬುವ ಕಡೆ ಹಾಕಿದರು. ಕೂಲಿ ಸ್ವಲ್ಪ ಕಡಿಮೆ ಆಯಿತು, ಅಣ್ಣನಿಗೆ ಅದರ ನೋವು ಇತ್ತು. ಬಾಣಲೆ ಮುಂದೆ ನಿಲ್ಲುವವನಿಗೆ ಭಟ್ಟಿಯಲ್ಲಿ ಒಂದು ಬೆಲೆ ಇರುತ್ತದೆ.

ಮನೆಯಲ್ಲಿ ದಿನಾ ಸಂಜೆಯ ಕೆಲಸ ಒಂದೇ. ಇಪ್ಪತ್ತು ನಿಮಿಷ ಕೈಯನ್ನು ತಣ್ಣೀರಿನ ಬೋಗುಣಿಯಲ್ಲಿ ನೆನೆಸುವುದು. ಒರೆಸದೆ, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚುವುದು. ಬೆವರದ ಚರ್ಮ ಒಣಗಿ ಸೀಳುತ್ತದೆ, ಸೀಳಿನಿಂದ ಹುಣ್ಣು ಶುರುವಾಗುತ್ತದೆ, ಹುಣ್ಣು ಮೂಳೆಗೆ ಇಳಿಯುತ್ತದೆ. ಕುಷ್ಠದಲ್ಲಿ ಬೆರಳು 'ಉದುರುತ್ತದೆ' ಅಂತ ಜನ ಹೇಳುವುದು ನಿಜಕ್ಕೂ ಹೀಗೆ ಆಗುವಂಥದ್ದು, ನೋವು ಗೊತ್ತಾಗದ ಗಾಯಗಳಿಂದ. ಆಮೇಲೆ ಎಡಗೈ ಬೆರಳಿಂದ ಮಡಚಿದ ಬೆರಳನ್ನು ನೀವಿ ನೀವಿ ಚಾಚಿಸುವುದು. ಮಡಚಿದ ಬೆರಳಿನ ಕೀಲು ಬಿಗಿದುಕೊಂಡರೆ ಮುಂದೆ ಶಸ್ತ್ರಚಿಕಿತ್ಸೆಗೂ ಕಷ್ಟ. ಚಹಾಕ್ಕೆ ಸ್ಟೀಲ್ ಲೋಟ ಬೇಡ, ಹಿಡಿ ಇರುವ ಕಪ್ಪು. ಕೊನೆಗೆ ಅತ್ತಿಗೆ ದೀಪದ ಬೆಳಕಲ್ಲಿ ಕೈ ತಿರುಗಿಸಿ ತಿರುಗಿಸಿ ಎಲ್ಲಾದರೂ ಕೆಂಪಗಿದೆಯಾ, ಬೊಬ್ಬೆ ಇದೆಯಾ ಅಂತ ನೋಡಬೇಕು. ನೋವು ಹೇಳಬೇಕಾದ್ದನ್ನು ಕಣ್ಣು ಹೇಳಬೇಕು. ಮೊದಲ ವಾರ ಅತ್ತಿಗೆ ಕೈ ಮುಟ್ಟಲು ಹಿಂದೆ ಮುಂದೆ ನೋಡಿದರು. ನಾನೇ ದಿನಾ ಸಂಜೆ ಹೋಗಿ ಎಣ್ಣೆ ಹಚ್ಚಿದೆ. ಎಂಟನೇ ದಿನ ನಾನು ಹೋಗುವುದು ತಡವಾಯಿತು. ಹೋದಾಗ ಬೋಗುಣಿ ಅಂಗಳದಲ್ಲಿ ಮಗುಚಿ ಇಟ್ಟಿತ್ತು, ಎಣ್ಣೆ ಹಚ್ಚಿ ಮುಗಿದಿತ್ತು.

ಮನೆಯವರು, ಅಕ್ಕಪಕ್ಕದವರ ವಿಷಯದಲ್ಲಿ ನನಗೆ ಇವತ್ತಿಗೂ ಸುಲಭದ ದಾರಿ ಸಿಕ್ಕಿಲ್ಲ. 2018ರಿಂದ ನಮ್ಮ ಕಾರ್ಯಕ್ರಮದಲ್ಲಿ ರೋಗಿಯ ಹತ್ತಿರದವರಿಗೆ ಒಂದೇ ಒಂದು ಸಲ ರಿಫಾಂಪಿಸಿನ್ ಕೊಡುವುದಿದೆ. ಬಾಂಗ್ಲಾದೇಶದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಇದರಿಂದ ಮೊದಲ ಎರಡು ವರ್ಷ ಹೊಸ ರೋಗಿಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆ ಆದದ್ದು ಕಂಡಿತ್ತು. ಎರಡು ವರ್ಷದ ಒಳಗಿನ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ, ಟಿಬಿ ಲಕ್ಷಣ ಇಲ್ಲ ಅಂತ ಮೊದಲು ನೋಡಿಕೊಳ್ಳಬೇಕು. ಮನೆಯವರಿಗೆ ಕೊಡುವುದು ಕಷ್ಟವಾಗಲಿಲ್ಲ. ಪಕ್ಕದ ಮನೆಗೆ ಹೋಗಿ "ಈ ಮಾತ್ರೆ ನುಂಗಿ" ಅಂದರೆ "ಯಾರಿಗೆ ಬಂದಿದೆ?" ಅನ್ನುವುದೇ ಮೊದಲ ಪ್ರಶ್ನೆ. ಅಣ್ಣ ಹೆಸರು ಹೇಳಬೇಡಿ ಅಂದಿದ್ದರು. ಹೇಳಲಿಲ್ಲ. ಇಡೀ ಓಣಿಗೆ ಚರ್ಮ ತಪಾಸಣೆ ಅಂತ ಮಾಡಿ, ಎಲ್ಲರನ್ನೂ ನೋಡಿ, ಆಮೇಲೆ ಕೊಟ್ಟೆವು. ಕೆಲವರು ಬೇಡ ಅಂದರು. ಒತ್ತಾಯ ಮಾಡಲಿಲ್ಲ.

ಈ ಸಲ ಬಾಗಿಲಲ್ಲಿ ನಿಂತು ಕೇಳಲಿಲ್ಲ. ಸಂಜೆ ಹೋದೆವು, ಭಟ್ಟಿಗಳಿಗೆ ಬೆಳಗ್ಗೆಯೇ ಹೋದೆವು. ಬೆವರಿದ ಮೈಯಲ್ಲಿ ಬೆವರದ ಜಾಗ ಹುಡುಕುವುದು ನಮ್ಮ ಓಣಿಗೆ ನಾನೇ ಕಂಡುಕೊಂಡ ದಾರಿ. ಹೆಂಗಸರನ್ನು ಒಳಕೋಣೆಗೆ ಕರೆದು ಬೆನ್ನು, ತೊಡೆ, ಕಿವಿಯ ಹಾಲೆ ನೋಡುತ್ತೇನೆ. ಊನ ಬರುವ ಮೊದಲೇ ರೋಗಿ ಸಿಕ್ಕರೆ ಆಶಾಗೆ 250 ರೂಪಾಯಿ, ರೋಗಿ ಆರು ತಿಂಗಳ ಕೋರ್ಸ್ ಮುಗಿಸಿದರೆ 400, ಹನ್ನೆರಡು ತಿಂಗಳದ್ದಾದರೆ 600 ಸಿಗುತ್ತದೆ. ಆ ಹಣ ನಮಗೆ ಬೇಕು, ಅದರಲ್ಲಿ ನಾಚಿಕೆ ಇಲ್ಲ. ಆದರೆ ನೂರು ಬೆನ್ನು ನೋಡಿ ಏನೂ ಸಿಗದ ದಿನಕ್ಕೆ ಏನೂ ಇಲ್ಲ. ಆ ದಿನದ ಕೆಲಸವೂ ಅಷ್ಟೇ ದೊಡ್ಡದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹದಿನಾಲ್ಕನೇ ತಿಂಗಳಿಗೆ ಹನ್ನೆರಡನೇ ಪ್ಯಾಕ್ ಮುಗಿಯಿತು. ಡಾಕ್ಟರ್ ಕಾರ್ಡಿನ ಮೇಲೆ ಚಿಕಿತ್ಸೆ ಪೂರ್ಣ ಅಂತ ಬರೆದರು. ಅಣ್ಣ ಕಾರ್ಡು ಮಡಚಿ ಜೇಬಿಗಿಟ್ಟು, ಕಿರುಬೆರಳು ತೋರಿಸಿ ಕೇಳಿದರು, "ಹಂಗಾದ್ರೆ ಇದು?" ಶಸ್ತ್ರಚಿಕಿತ್ಸೆ ಮಾಡಿ ಬೆರಳು ನೇರ ಮಾಡಬಹುದು, ಸ್ಪರ್ಶ ಮಾತ್ರ ಮರಳುವುದಿಲ್ಲ ಅಂತ ಡಾಕ್ಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಣ್ಣ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಶಸ್ತ್ರಚಿಕಿತ್ಸೆ ಆದ ಮೇಲೆ ವಾರಗಟ್ಟಲೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಅದೇ ಅವರ ಲೆಕ್ಕ.

ಕಳೆದ ಮಳೆಗಾಲದಲ್ಲಿ ಅವರು ಒಬ್ಬ ಹುಡುಗನನ್ನು ಮನೆ ಬಾಗಿಲಿಗೆ ಕರೆದುಕೊಂಡು ಬಂದರು. ಭಟ್ಟಿಗೆ ಹೊಸದಾಗಿ ಸೇರಿದವನು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ತೋಳಿನ ಮೇಲೆ ಒಂದು ಮಚ್ಚೆ. ಅಣ್ಣನೇ ಚೀಲದ ಕೋಣೆಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಕಸಬರಿಗೆ ಕಡ್ಡಿಯಿಂದ ಮುಟ್ಟಿ ನೋಡಿದ್ದರು. "ಗೊತ್ತಾಗ್ತಾ ಅಂತ ಕೇಳ್ಲಿಲ್ಲವ್ವಾ, ತೋರ್ಸು ಅಂದೆ. ಸುತ್ತ ಎಲ್ಲಾ ಕಡೆ ತೋರಿಸ್ದ. ಇದರ ಮೇಲೆ ಮುಟ್ಟಿದ್ರೆ ಸುಮ್ನೆ ಕೂತಿದ್ದ."

ಮೊಣಕೈ ಮುಟ್ಟಿ ನೋಡಿದೆ. ನರ ಮೆತ್ತಗಿತ್ತು. ಐದು ಬೆರಳೂ ಚಾಚಲು ಹೇಳಿದೆ, ಚಾಚಿದ. ಮರುದಿನ ಬುಧವಾರ. ಡಾಕ್ಟರ್ ನೋಡಿ ಆರು ತಿಂಗಳ ಕೋರ್ಸ್ ಬರೆದರು. ಅಂಗವಿಕಲತೆಯ ಕಾಲಂನಲ್ಲಿ ಸಿಸ್ಟರ್ 0 ಅಂತ ತುಂಬಿದರು.